ಹುಲ್ಲು ನೋಡ್ಬೇಕು

"ಯಾರನ್ನ ನೋಡ್ಬೇಕ್ರಿ ಅಜ್ಜಾರ?" ಗೇಟಿನ ವಾಚ್‌ಮನ್ ಕೇಳಿದ. ಗದಗದ ಕಡೆ ಹುಡುಗ, ಬಾಯಿ ತೆಗೆದ ಕೂಡಲೇ ಗೊತ್ತಾಯಿತು.

"ಯಾರನ್ನೂ ಇಲ್ಲಪ್ಪಾ. ಹುಲ್ಲು ನೋಡ್ಬೇಕು," ಅಂದರು ಅಪ್ಪ.

ಭಾನುವಾರದಿಂದ ಈ ಮಾತು ನನ್ನ ತಲೆಯಲ್ಲೇ ಕೂತಿದೆ.

ಮುಂದಿನ ವಾರ ಅಪ್ಪ ಗೋವಾದ ವಾಸ್ಕೋ ಬಿಟ್ಟು ಊರಿಗೆ ಹೋಗುತ್ತಾರೆ, ಇನ್ನು ಅಲ್ಲೇ ಇರೋದು. ಸಾಮಾನು ಕಟ್ಟುವಾಗ ಅವರು ಕೇಳಿದ್ದು ಒಂದೇ. "ತಿಲಕ್ ಮೈದಾನಕ್ಕ ಒಮ್ಮೆ ಕರ್ಕೊಂಡ್ ಹೋಗು." ಇಲ್ಲಿನ ಫುಟ್‌ಬಾಲ್ ಮೈದಾನ ಅದು. ಅಣ್ಣ ನಕ್ಕುಬಿಟ್ಟ. ಹಮಾಲಿ ಮಾಡಿದವರಿಗೆ ಫುಟ್‌ಬಾಲ್ ಯಾಕೆ ಅಂದ. ನನಗೆ ತುಂಬಾ ಬೇಜಾರಾಯಿತು. ಅಪ್ಪನ ಜೊತೆ ಕೂತು ಅವನು ಮಾತಾಡಿದ್ದೇ ಕಡಿಮೆ.

ಗೋವಾದ ಫುಟ್‌ಬಾಲ್ ಕಥೆ 1883ರಿಂದ ಶುರುವಾಗುತ್ತೆ. ವಿಲಿಯಂ ಲಯನ್ಸ್ ಅನ್ನೋ ಪಾದ್ರಿ ಇಲ್ಲಿನ ಸಿಯೋಲಿಂ ಊರಿಗೆ ಆಟ ತಂದರು. ನಮ್ಮ ವಾಸ್ಕೋದಲ್ಲಿ 1956ರಲ್ಲಿ ಸಾಲ್ಗಾಂವ್‌ಕರ್ ಕ್ಲಬ್ ಹುಟ್ಟಿತು. 1983-84ರಲ್ಲಿ ಬ್ರಹ್ಮಾನಂದ್ ಸಂಖ್ವಾಳ್ಕರ್ ಕ್ಯಾಪ್ಟನ್ ಆಗಿದ್ದಾಗ ಗೋವಾ ಸಂತೋಷ್ ಟ್ರೋಫಿ, ಅಂದ್ರೆ ರಾಜ್ಯ ರಾಜ್ಯಗಳ ನಡುವಿನ ಫುಟ್‌ಬಾಲ್ ಪಂದ್ಯಾವಳಿ, ಗೆದ್ದಿತು. ಅವರು ಸಾಲ್ಗಾಂವ್‌ಕರ್ ಗೋಲ್‌ಕೀಪರ್. ಇದೆಲ್ಲ ಹೇಳಿಕೊಳ್ಳಲೇಬೇಕಾದ ಸಂಗತಿ. ಆದರೆ ಗೋಡೆ ಆಚೆ ನಿಂತು ನೋಡಿದವರ ಮಾತು ಆ ಕಥೆಯಲ್ಲಿ ನನಗೆಲ್ಲೂ ಸಿಕ್ಕಿಲ್ಲ.

ಅಪ್ಪ ಬಂದರಿನಲ್ಲಿ ಮೂಟೆ ಹೊರುತ್ತಿದ್ದರು, ಮನೆ ಬೈನಾದಲ್ಲಿ. ಮ್ಯಾಚ್ ದಿನ ಟಿಕೆಟ್‌ಗೆ ದುಡ್ಡಿಲ್ಲದೆ ಹೊರಗೆ ನಿಂತ ಲಾರಿ ಹತ್ತುತ್ತಿದ್ದರು. ಜೊತೆಗೆ ಬಾಗಲಕೋಟೆ, ಬಿಜಾಪುರದ ಹುಡುಗರು. ಊರಲ್ಲಿ ಕಬಡ್ಡಿ, ಕುಸ್ತಿ ಆಡಿ ಬಂದವರು. ಅಪ್ಪ ಕೊಂಕಣಿ ಕಲಿತಿದ್ದೂ ಆ ಲಾರಿ ಮೇಲೇ, ಮೊದಲು ಬೈಗುಳ, ಆಮೇಲೆ ಉಳಿದಿದ್ದು. 2020-21ರಲ್ಲಿ ಕೊರೋನಾ ಅಂತ ಇದೇ ಮೈದಾನದಲ್ಲಿ ಜನರೇ ಇಲ್ಲದೆ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫುಟ್‌ಬಾಲ್ ಆಡಿಸಿದರಲ್ವಾ, ಆಗ ಟೀವಿ ಮುಂದೆ ಕೂತು ಅಪ್ಪ ಒಂದೇ ಸಮನೆ ಹೇಳುತ್ತಿದ್ದರು, "ಸದ್ದಿಲ್ಲದ ಆಟ ಆಟ ಏನು?"

"ಹುಲ್ಲು ನೋಡ್ಬೇಕು" ಅಂದಾಗ ಆ ಹುಡುಗ ನಗಲಿಲ್ಲ. ಒಂದು ಗಳಿಗೆ ಅಪ್ಪನ ಕೈ ನೋಡಿದ. ಹೆಬ್ಬೆರಳ ಬುಡದಲ್ಲಿ ಮೂಟೆ ಕೊಕ್ಕೆ ಹಿಡಿದು ಹಿಡಿದು ಕಟ್ಟಿದ ಜಡ್ಡು ಇನ್ನೂ ಇದೆ. "ಐದು ನಿಮಿಷ, ಅಜ್ಜಾರ" ಅಂತ ಗೇಟ್ ಸರಿಸಿದ. ಅವನ ತಾಯಿಗೆ ಪುಣ್ಯ ಬರಲಿ.

ಅಪ್ಪ ಚಪ್ಪಲಿ ಹೊರಗೇ ಬಿಟ್ಟರು. ಬಗ್ಗಿ ಹುಲ್ಲು ಮುಟ್ಟಿ ಕೈಯನ್ನು ಹಣೆಗೆ ಒತ್ತಿಕೊಂಡರು, ಗರಡಿಯ ಕೆಮ್ಮಣ್ಣು ಮುಟ್ಟಿದ ಹಾಗೆ. ಆಮೇಲೆ ಹತ್ತಿರದ ಗೋಲ್ ಬಿಟ್ಟು ಆ ತುದಿಯ ಗೋಲ್ ಕಡೆ ನಡೆದರು. ಮೊಣಕಾಲು ನೋವು, ಆದರೂ ನನ್ನ ಕೈ ಹಿಡಿಯಲಿಲ್ಲ. ಕಂಬ ಹಿಡಿದು ಸುಮ್ನೆ ನಿಂತರು.

"ಯಾಕಪ್ಪ ಇಲ್ಲಿ?"

"ಲಾರಿ ಮ್ಯಾಲಿಂದ ಆ ಕಡೀ ಗೋಲು ಒಂದ ಕಾಣ್ತಿತ್ತು. ಬ್ರಹ್ಮಾನಂದ್ ಅಲ್ಲಿ ನಿಂತಾಗ ಅರ್ಧ ಮ್ಯಾಚ್ ನೋಡೀನಿ. ಇದನ್ನ ನೋಡೇ ಇರ್ಲಿಲ್ಲ."