ಮೂವತ್ತು ಬೈಟ್ ಮಾತಿಗೆ ಇಪ್ಪತ್ತೆಂಟು ಬೈಟ್ ಹೊದಿಕೆ

ಚಿಕ್ಕಮಗಳೂರಿನ ನಮ್ಮ ಕಚೇರಿಯಿಂದ ಕಾಫಿ ಮತ್ತು ಕಾಳುಮೆಣಸು ಬೆಳೆಗಾರರಿಗೆ ಎರಡು ನಿಮಿಷದ ಧ್ವನಿ ಸಂದೇಶಗಳು ಹೋಗುತ್ತವೆ; ಧ್ವನಿಯನ್ನು ಕುಗ್ಗಿಸುವ ತಂತ್ರಾಂಶದ ಹೊಣೆ ನನ್ನದು. ಮೂಡಿಗೆರೆ, ಕಳಸದ ಕಡೆಯ ಎಷ್ಟೋ ತೋಟದ ಮನೆಗಳಲ್ಲಿ ಸಿಗ್ನಲ್ ಅಂಗಳದ ಒಂದು ಮೂಲೆಯಲ್ಲಷ್ಟೇ ಸಿಗುವುದರಿಂದ, ಧ್ವನಿ ಕುಗ್ಗಿಸುವ ಓಪಸ್ ಕೋಡೆಕ್‌ನ ಬಿಟ್‌ರೇಟನ್ನು (ಒಂದು ಸೆಕೆಂಡಿನ ಧ್ವನಿಗೆ ಬಳಸುವ ದತ್ತಾಂಶದ ಪ್ರಮಾಣವನ್ನು) ಸೆಕೆಂಡಿಗೆ 12 ಕಿಲೋಬಿಟ್‌ಗೆ ಇಳಿಸಿದ್ದೆವು. ಎಂಟು ಬಿಟ್‌ಗೆ ಒಂದು ಬೈಟ್; ಆ ಲೆಕ್ಕದಲ್ಲಿ ಒಂದು ಸಂದೇಶ 180 ಕಿಲೋಬೈಟ್ ಆಗಬೇಕು. ಮುಂಗಾರಿಗೆ ಮುನ್ನ ಬೋರ್ಡೋ ದ್ರಾವಣ (ಮೈಲುತುತ್ತ ಮತ್ತು ಸುಣ್ಣದ ಶಿಲೀಂಧ್ರನಾಶಕ) ಸಿಂಪಡಿಸುವ ಬಗೆಗಿನ ಸಂದೇಶ ಹೋದ ದಿನ ಬೆಳೆಗಾರರೊಬ್ಬರು ಫೋನ್ ಮಾಡಿ, "ಸುಣ್ಣ ಎಷ್ಟು ಹಾಕಬೇಕು ಅನ್ನುವಷ್ಟರಲ್ಲಿ ನಿಂತುಬಿಡುತ್ತದೆ ಮಾರಾಯ್ರೇ" ಎಂದರು. ಸರ್ವರ್‌ನಲ್ಲಿ ನೋಡಿದರೆ ಕಡತದ ಗಾತ್ರ ಹೆಚ್ಚುಕಡಿಮೆ ಎರಡರಷ್ಟಿತ್ತು.

ನನ್ನ ಮೊದಲ ಅನುಮಾನ ಕೋಡೆಕ್‌ನ ಮೇಲೆಯೇ. ಓಪಸ್ ಸಾಮಾನ್ಯವಾಗಿ ಧ್ವನಿಯ ಸಂಕೀರ್ಣತೆಗೆ ತಕ್ಕಂತೆ ಬಿಟ್‌ರೇಟನ್ನು ಏರಿಳಿಸುವುದರಿಂದ, ಧ್ವನಿಮುದ್ರಣದ ಹಿನ್ನೆಲೆಯಲ್ಲಿದ್ದ ಮಳೆಯ ಸದ್ದೇ ಗಾತ್ರವನ್ನು ಹೆಚ್ಚಿಸಿರಬಹುದೆಂದು ಭಾವಿಸಿ ಒಂದು ಇಡೀ ದಿನ ಸದ್ದು ತೆಗೆಯುವ ಫಿಲ್ಟರ್‌ಗಳೊಂದಿಗೆ ಹೆಣಗಾಡಿದೆ. ಮೊದಲೇ ಮಾಡಬೇಕಿದ್ದ ಕೆಲಸವನ್ನು ಮರುದಿನ ಮಾಡಿದೆ: ಬಿಟ್‌ರೇಟನ್ನು ಸ್ಥಿರಗೊಳಿಸಿ, ಕೋಡೆಕ್‌ನಿಂದ ಹೊರಬಂದ ಪ್ರತಿ ಪ್ಯಾಕೆಟ್‌ನ, ಅಂದರೆ ಧ್ವನಿಯ ಚಿಕ್ಕ ತುಣುಕಿನ, ಗಾತ್ರವನ್ನು ಅಚ್ಚು ಹಾಕಿಸಿದೆ. 20 ಮಿಲಿಸೆಕೆಂಡಿನ ಪ್ರತಿ ಪ್ಯಾಕೆಟ್ ಸರಿಯಾಗಿ 30 ಬೈಟ್ ಇತ್ತು. ಆದರೂ ಕಡತ 348 ಕಿಲೋಬೈಟ್! ಪಾಪ, ಕೋಡೆಕ್ ನಿರಪರಾಧಿ.

ಬೈಟ್‌ಗಳನ್ನು ಇದ್ದಂತೆಯೇ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ಕಡತವನ್ನು ತೆರೆದಾಗ, ಪ್ಯಾಕೆಟ್‌ಗಳನ್ನು 'ಪುಟ'ಗಳಾಗಿ ಕಟ್ಟಿ ಕಡತವಾಗಿಸುವ ಆಗ್ (Ogg) ಕಂಟೇನರ್‌ನ ಪ್ರತಿ ಪುಟದ ಮೊದಲಲ್ಲಿ ಬರುವ 'ಓ-ಜಿ-ಜಿ-ಎಸ್' ಎಂಬ ನಾಲ್ಕು ಅಕ್ಷರಗಳು ಪ್ರತಿ 58 ಬೈಟ್‌ಗೊಮ್ಮೆ ಸಾಲುಗಟ್ಟಿ ನಿಂತಿದ್ದವು. ಪುಟದ ಹೆಡರ್‌ಗೆ (ಮೊದಲಲ್ಲಿ ಬರುವ ವಿವರಗಳಿಗೆ) 27 ಬೈಟ್, ಒಳಗಿರುವ ಪ್ಯಾಕೆಟ್‌ನ ಉದ್ದ ತಿಳಿಸಲು ಇನ್ನೊಂದು. 30 ಬೈಟ್ ಮಾತನ್ನು ಸುತ್ತಲು 28 ಬೈಟ್ ಖರ್ಚಾಗುತ್ತಿತ್ತು. ಸೆಕೆಂಡಿಗೆ 50 ಪುಟಗಳೆಂದರೆ ಹೊದಿಕೆಯೊಂದೇ 11.2 ಕಿಲೋಬಿಟ್. ಒಂದು ಪುಟದಲ್ಲಿ ಹಲವು ಪ್ಯಾಕೆಟ್‌ಗಳಿಗೆ ಜಾಗವಿದ್ದರೂ, ನಮ್ಮ ಕೋಡ್ ಪ್ರತಿ ಪ್ಯಾಕೆಟ್ ಸೇರಿಸಿದ ಕೂಡಲೇ ಫ್ಲಶ್ ಮಾಡಿ ಪುಟವನ್ನು ಮುಚ್ಚಿಬಿಡುತ್ತಿತ್ತು. ನೇರ ಪ್ರಸಾರದ ಪ್ರಯೋಗವೊಂದರಲ್ಲಿ ವಿಳಂಬ ತಗ್ಗಿಸಲೆಂದು ಆ ಸಾಲನ್ನು ಬರೆದವನು ನಾನೇ. ಪ್ರಯೋಗ ನಿಂತರೂ ಸಾಲು ಉಳಿದಿತ್ತು.

ಈಗ 50 ಪ್ಯಾಕೆಟ್‌ಗಳಿಗೊಮ್ಮೆ ಪುಟ ಮುಚ್ಚುತ್ತೇವೆ. ಸೆಕೆಂಡಿಗೆ 77 ಬೈಟ್ ಹೊದಿಕೆ ಸಾಕಾಗುವುದರಿಂದ ಅದೇ ಸಂದೇಶ 189 ಕಿಲೋಬೈಟ್‌ಗೆ ಇಳಿದಿದೆ.

ತಜ್ಞರೊಂದಿಗಿನ ನೇರ ಕರೆಗಳಲ್ಲಿ ಮಾತ್ರ ಇಷ್ಟು ಸುಲಭದ ದಾರಿಯಿಲ್ಲ. ಅಲ್ಲಿ ಪ್ಯಾಕೆಟ್ ಅಂತರ್ಜಾಲದಲ್ಲಿ ಸಾಗಲು ಬೇಕಾದ ಐಪಿ, ಯುಡಿಪಿ ಮತ್ತು ಆರ್‌ಟಿಪಿ ಹೆಡರ್‌ಗಳು ಸೇರಿ ಪ್ರತಿ ಪ್ಯಾಕೆಟ್‌ಗೆ 40 ಬೈಟ್ ಆಗುವುದರಿಂದ, 12 ಕಿಲೋಬಿಟ್ ಮಾತು ಜಾಲದಲ್ಲಿ 28 ಕಿಲೋಬಿಟ್ ಆಗಿ ಹರಿಯುತ್ತದೆ. ಫ್ರೇಮನ್ನು (ಒಂದು ಪ್ಯಾಕೆಟ್‌ನಲ್ಲಿ ಹೋಗುವ ಧ್ವನಿಯ ಅವಧಿಯನ್ನು) 60 ಮಿಲಿಸೆಕೆಂಡಿಗೆ ಹಿಗ್ಗಿಸಿದರೆ ಒಟ್ಟು 17.3ಕ್ಕೆ ಇಳಿಯುತ್ತದೆಯಾದರೂ, ಕಳಸದ ಸಿಗ್ನಲ್‌ನಲ್ಲಿ ಒಂದು ಪ್ಯಾಕೆಟ್ ಕಳೆದುಹೋದರೆ ಒಂದು ಅಕ್ಷರವೇ ನುಂಗಿಹೋದಂತೆ ಕೇಳಿಸುತ್ತಿತ್ತು. ಸದ್ಯಕ್ಕೆ 40 ಮಿಲಿಸೆಕೆಂಡಿನಲ್ಲಿ, 20 ಕಿಲೋಬಿಟ್‌ಗೆ ನಿಲ್ಲಿಸಿದ್ದೇವೆ.