ಒಂದು ಸೀಸೆಗೆ ಒಂದೇ ಹುಳು

ಕಾಯಿಕೊರಕದ ಹುಳುಗಳನ್ನು ಒಟ್ಟಿಗೆ ಇಡಬಾರದು. ಒಂದು ಸೀಸೆಯಲ್ಲಿ ಎರಡು ಬಿಟ್ಟರೆ ಮರುದಿನ ಬೆಳಗ್ಗೆ ಒಂದೇ ಇರುತ್ತದೆ. ಇನ್ನೊಂದನ್ನು ಅದು ತಿಂದಿರುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ, ಕೀಟಶಾಸ್ತ್ರ ವಿಭಾಗಕ್ಕೆ ಸೇರಿದ ವಾರದಲ್ಲೇ ಈ ಪಾಠ ಕಲಿತೆ. ಕಲಿಸಿದವರು ಹುಳು ಸಾಕುವ ಕೋಣೆ ನೋಡಿಕೊಳ್ಳುತ್ತಿದ್ದ ಕಾಕಾ. "ತಮ್ಮಾ, ಒಂದ್ ಸೀಸೆಕ ಒಂದ ಹುಳ. ಇದನ್ನ ಮರೀಬ್ಯಾಡ," ಅಂದಿದ್ದರು.

ನಾನು ಎಂ.ಎಸ್ಸಿ.ಗೆ ಸೇರಿದ್ದು 1998ರಲ್ಲಿ. ನಮ್ಮದು ಸೇಡಂ ತಾಲೂಕು, ತೊಗರಿ ಹೊಲ. ಅದರ ಹಿಂದಿನ ಹಂಗಾಮು ನಮ್ಮ ಕಡೆಯವರು ಯಾರೂ ಮರೆಯುವಂಥದ್ದಲ್ಲ. ಹೂವಾಡುವ ಹೊತ್ತಿಗೆ ಅಕಾಲ ಮಳೆ, ಮೋಡ. ಅದರ ಬೆನ್ನಿಗೇ ಕಾಯಿಕೊರಕ. ಅಪ್ಪ ಏಳು ಸಲ ಎಣ್ಣಿ ಹೊಡೆದರು. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಅಂತಲೇ ಹೆಸರು. ಹೊಡೆದ ಮರುದಿನವೂ ಹುಳುಗಳು ಕಾಯಿಯೊಳಗೆ ತಲೆ ಹಾಕಿಕೊಂಡು ತಿನ್ನುತ್ತಲೇ ಇದ್ದವು. ಬೀದರ್, ಕಲಬುರ್ಗಿ ಕಡೆಯ ರೈತರ ಸಾವಿನ ಸುದ್ದಿ ಪತ್ರಿಕೆಯಲ್ಲಿ ಬರುತ್ತಿತ್ತು. ನಮ್ಮ ಮನೆಯಲ್ಲಿ ಆ ಪುಟವನ್ನು ಅವ್ವ ಮಡಚಿ ಎತ್ತಿಡುತ್ತಿದ್ದಳು.

ಎಣ್ಣಿ ಯಾಕೆ ಕೆಲಸ ಮಾಡಲಿಲ್ಲ ಅನ್ನುವ ಒಂದೇ ಪ್ರಶ್ನೆ ಹಿಡಿದುಕೊಂಡು ನಾನು ಧಾರವಾಡಕ್ಕೆ ಬಂದವನು. ಉತ್ತರ ಮೊದಲ ಸೆಮಿಸ್ಟರಿನಲ್ಲೇ ಸಿಕ್ಕಿತು. 1987ರ ಹೊತ್ತಿಗೇ ಆಂಧ್ರದ ಕರಾವಳಿಯ ಹತ್ತಿ ಹೊಲಗಳಲ್ಲಿ ಹತ್ತಿಯ ಕಾಯಿಯನ್ನೂ ಕೊರೆಯುವ ಈ ಹುಳು ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳಿಗೆ ಜಗ್ಗದಂತೆ ಆಗಿತ್ತು. ಹೊಡೆದಾಗ ಬದುಕಿ ಉಳಿದವುಗಳ ಮಕ್ಕಳೇ ಮುಂದಿನ ಪೀಳಿಗೆ. ನಾವು ಜಾಸ್ತಿ ಹೊಡೆದಷ್ಟೂ ಗಟ್ಟಿ ಹುಳುಗಳನ್ನು ನಾವೇ ಆರಿಸಿ ಬೆಳೆಸಿದ ಹಾಗೆ. ಜೊತೆಗೆ ಹುಳು ತಿನ್ನುವ ಜೇಡ, ಕಣಜ, ತಿಗಣೆಗಳು ಮಾತ್ರ ಸತ್ತವು. ಆವತ್ತು ತರಗತಿ ಮುಗಿದ ಮೇಲೆ ನಾನು ಎದ್ದು ಹೋಗಲಿಲ್ಲ. ಅಪ್ಪ ಸಾಲ ಮಾಡಿ ತಂದ ಡಬ್ಬಿಗಳು ಕಣ್ಣ ಮುಂದೆ ಬಂದಿದ್ದವು.

ಸಮಗ್ರ ಕೀಟ ನಿರ್ವಹಣೆ ಅನ್ನುವ ಮಾತು ಈಗ ಪ್ರತಿ ಕೃಷಿ ಮೇಳದ ಫಲಕದಲ್ಲೂ ಕಾಣುತ್ತದೆ. ನಮ್ಮ ಗೈಡ್ ಸರ್ ಅದನ್ನು ಪಾಠ ಮಾಡಿದ್ದು ಒಂದು ಗೆರೆ ಎಳೆದು. 1959ರಲ್ಲಿ ಕ್ಯಾಲಿಫೋರ್ನಿಯಾದ ಸ್ಟರ್ನ್, ಸ್ಮಿತ್, ವ್ಯಾನ್ ಡೆನ್ ಬಾಶ್, ಹೇಗನ್ ಅನ್ನುವ ನಾಲ್ವರು ಒಂದು ಲೇಖನ ಬರೆದರು. ಲೂಸರ್ನ್ ಅನ್ನುವ ಮೇವಿನ ಬೆಳೆಗೆ ಬೀಳುವ ಸಸ್ಯಹೇನಿನ ಕಾಟದಿಂದ ಹುಟ್ಟಿದ ವಿಚಾರ ಅದು. ಹುಳು ಕಂಡ ತಕ್ಷಣ ಹೊಡೆಯಬೇಡಿ, ಎಣಿಸಿ ಅಂತ ಅವರು ಹೇಳಿದರು. ಹುಳು ಮಾಡುವ ನಷ್ಟ ಔಷಧಿಯ ಖರ್ಚನ್ನು ಮೀರುವ ಹಂತ ಒಂದಿದೆ. ಆ ಹಂತಕ್ಕೆ ಮುಟ್ಟುವ ಸ್ವಲ್ಪ ಮೊದಲು ಕೈ ಹಾಕಬೇಕು, ಅದಕ್ಕೂ ಮೊದಲು ಬೇಡ. ಸರ್ ಬೋರ್ಡಿನ ಮೇಲೆ ಆ ಗೆರೆ ಎಳೆದು, "ಈ ಗೆರೆ ನಿಮ್ಮ ತಲೆಯಲ್ಲಿ ಇರಲಿ, ಔಷಧಿ ಹೊಡೆಯುವ ಪಂಪು ಮಾತ್ರ ಮನೆಯಲ್ಲೇ ಇರಲಿ," ಅಂದರು. ತೊಗರಿಗೆ ಗಿಡಕ್ಕೆ ಒಂದು ಹುಳು ಅನ್ನುವ ಲೆಕ್ಕ ನಮಗೆ ಕೊಟ್ಟಿದ್ದರು. ತೊಗರಿ ಬಿಡುವ ಹೂವಿನಲ್ಲಿ ಬಹುಪಾಲು ತಾನಾಗಿಯೇ ಉದುರುತ್ತದೆ. ಮೊದಲ ಕಾಯಿ ಹೋದರೆ ಗಿಡ ಮತ್ತೆ ಹೂವಾಡುತ್ತದೆ. ಅಷ್ಟು ತಾಳಿಕೆ ಗಿಡಕ್ಕಿದೆ. ನಮಗೇ ಇರಲಿಲ್ಲ, ಅಲ್ವಾ?

ಒಂದು ಬೆಳೆಗೆ ಒಗ್ಗಿದ ಉಪಾಯ ಇನ್ನೊಂದಕ್ಕೆ ಒಗ್ಗುವುದಿಲ್ಲ ಅನ್ನುವುದನ್ನೂ ಅಲ್ಲೇ ನೋಡಿದೆ. ಟ್ರೈಕೋಗ್ರಾಮ ಅನ್ನುವ ಸಣ್ಣ ಕಣಜ, ಹುಳು ಬೆಳೆದು ಆಗುವ ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಟ್ಟು, ಹುಳು ಹೊರಬರುವ ಮೊದಲೇ ಅದನ್ನು ಮುಗಿಸುತ್ತದೆ. ಹತ್ತಿಯಲ್ಲಿ, ಕಬ್ಬಿನಲ್ಲಿ ಅದಕ್ಕೆ ಒಳ್ಳೆ ಹೆಸರು. ತೊಗರಿಯಲ್ಲಿ ಅಷ್ಟು ಫಲ ಇಲ್ಲ. ತೊಗರಿಯ ಹೂವು ಕಾಯಿಗಳ ಮೇಲಿನ ಅಂಟು ರೋಮದಲ್ಲಿ ಆ ಪುಟ್ಟ ಕಣಜಕ್ಕೆ ಓಡಾಡುವುದೇ ಕಷ್ಟ. ಆದ್ದರಿಂದ ತೊಗರಿಗೆ ಬೇರೆ ದಾರಿ ಹಿಡಿಯಬೇಕಿತ್ತು. ಹೆಣ್ಣು ಪತಂಗದ ವಾಸನೆಯಿಂದ ಗಂಡು ಪತಂಗವನ್ನು ಸೆಳೆದು ಹಿಡಿಯುವ ಮೋಹಕ ಬಲೆ, ಎಕರೆಗೆ ಎರಡು. ಹುಳು ತಿನ್ನುವ ಹಕ್ಕಿ ಕೂರಲು ಕವಲು ಕಟ್ಟಿಗೆ. ಬೇವಿನ ಬೀಜದ ಕಷಾಯ. ಮತ್ತು ನಾನು ಆರಿಸಿಕೊಂಡ ಎನ್‌ಪಿವಿ.

ಎನ್‌ಪಿವಿ ಅಂದರೆ ನ್ಯೂಕ್ಲಿಯರ್ ಪಾಲಿಹೆಡ್ರೋಸಿಸ್ ವೈರಸ್, ಹುಳುಗಳಿಗೆ ರೋಗ ತರುವ ಒಂದು ವೈರಸ್. ನಾವು ಬಳಸಿದ ಬಗೆ ಕಾಯಿಕೊರಕಕ್ಕೆ ಮಾತ್ರ ತಗಲುತ್ತದೆ, ಜನಕ್ಕಾಗಲಿ ದನಕ್ಕಾಗಲಿ ಜೇನಿಗಾಗಲಿ ಏನೂ ಮಾಡುವುದಿಲ್ಲ. ಎಲೆಯ ಜೊತೆ ಅದನ್ನು ತಿಂದ ಹುಳು ನಾಲ್ಕೈದು ದಿನಕ್ಕೆ ಮಂಕಾಗಿ, ಗಿಡದ ತುದಿಗೆ ಹತ್ತಿ, ಹಿಂಗಾಲುಗಳಲ್ಲಿ ಜೋತುಬಿದ್ದು ತಲೆಕೆಳಗಾಗಿ ಸಾಯುತ್ತದೆ. ಚರ್ಮ ಒಡೆದು ಸೋರಿದ ದ್ರವ ಕೆಳಗಿನ ಎಲೆಗಳ ಮೇಲೆ ಬೀಳುತ್ತದೆ. ಅದನ್ನು ತಿಂದ ಹುಳುಗಳಿಗೂ ರೋಗ ಅಂಟುತ್ತದೆ. ಅದಕ್ಕಿರುವ ದೊಡ್ಡ ಶತ್ರು ಬಿಸಿಲು. ಬಿಸಿಲಿನ ಅತಿನೇರಳೆ ಕಿರಣ ಒಂದೆರಡು ದಿನದಲ್ಲೇ ಅದರ ಶಕ್ತಿ ತೆಗೆದುಬಿಡುತ್ತದೆ. ಹುಳು ಇರುವುದು ಗಿಡದ ತುದಿಯ ಹೂವು ಕಾಯಿಗಳಲ್ಲಿ. ಬಿಸಿಲು ಜಾಸ್ತಿ ಬೀಳುವುದೂ ಅಲ್ಲೇ. ಬಿಸಿಲಿನಿಂದ ಈ ವೈರಸ್ಸನ್ನು ಎಷ್ಟು ದಿನ ಕಾಪಾಡಬಹುದು ಅನ್ನುವುದೇ ನನ್ನ ಪ್ರಬಂಧದ ವಿಷಯ. ಬೆಳಕಿನ ವಿಷಯ ಅಂದರೂ ಸರಿಯೇ. ಕಾಪಾಡುವ ವಸ್ತುವಾಗಿ ನಾವು ಬಳಸಿದ್ದು ಬಟ್ಟೆಗೆ ಹಾಕುವ ನೀಲಿ, ರಾಬಿನ್ ಬ್ಲೂ. ಹುಳುವಿಗೆ ತಿನ್ನುವ ಆಸೆ ಹುಟ್ಟಲಿ ಅಂತ ಬೆಲ್ಲದ ನೀರು. ಕಿರಾಣಿ ಅಂಗಡಿಯಲ್ಲಿ ಸಿಗುವ ಈ ಎರಡು ಸಾಮಾನಿನ ಮೇಲೆ ಎರಡು ವರ್ಷ ಕೆಲಸ ಮಾಡಿದೆ ಅನ್ನುವುದು ನನಗೆ ಈಗಲೂ ಹೆಮ್ಮೆ.

ವೈರಸ್ಸನ್ನು ಒಳಗಿಟ್ಟುಕೊಂಡ ಪ್ರೋಟೀನಿನ ಹರಳುಗಳನ್ನು ಎಣಿಸುವುದು ಫೇಸ್ ಕಾಂಟ್ರಾಸ್ಟ್ ಮೈಕ್ರೋಸ್ಕೋಪಿನಲ್ಲಿ. ಸಾದಾ ಮೈಕ್ರೋಸ್ಕೋಪಿನಲ್ಲಿ ಅವು ನೀರಿನಲ್ಲಿ ಕರಗಿ ಹೋದಂತೆ ಕಾಣುತ್ತವೆ. ಇದರಲ್ಲಿ ಮಾತ್ರ ಮುತ್ತಿನ ಹಾಗೆ ಮಿನುಗುತ್ತಾ ನಡುಗುತ್ತವೆ. ಪಾರದರ್ಶಕ ವಸ್ತುವಿನ ಮೂಲಕ ಹಾದ ಬೆಳಕಿಗೆ ಆಗುವ ಸಣ್ಣ ತಡವನ್ನು ಈ ಉಪಕರಣ ನೆರಳು ಬೆಳಕಾಗಿ ತೋರಿಸುತ್ತದೆ. ಇದನ್ನು ಕಂಡುಹಿಡಿದ ಡಚ್ಚರ ಝೆರ್ನಿಕೆಗೆ 1953ರಲ್ಲಿ ನೊಬೆಲ್ ಬಂತು. ವಿಭಾಗದಲ್ಲಿ ಇದ್ದದ್ದು ಒಂದೇ, ಸರದಿಯ ಪುಸ್ತಕದಲ್ಲಿ ಹೆಸರು ಬರೆಯಬೇಕಿತ್ತು. ನನ್ನ ಸರದಿ ಹೆಚ್ಚಾಗಿ ರಾತ್ರಿ ಊಟದ ಮೇಲೆ ಬರುತ್ತಿತ್ತು. ಹೊರಗೆ ಧಾರವಾಡದ ಜಿಟಿಜಿಟಿ ಮಳೆ, ಒಳಗೆ ಆ ಮಿನುಗುವ ಕಾಳುಗಳು. ಓದಿನ ದಿನಗಳಲ್ಲಿ ಅಷ್ಟು ಚಂದದ್ದನ್ನು ನಾನು ಮತ್ತೊಂದು ನೋಡಲಿಲ್ಲ.

ಈಗ ನನ್ನ ತಪ್ಪಿನ ವಿಷಯ ಹೇಳಬೇಕು. ಈಗಿನ ವಿದ್ಯಾರ್ಥಿಗಳಿಗೆ ಉಪಯೋಗ ಆಗಬಹುದು.

ವೈರಸ್ ಎಷ್ಟು ಉಳಿದಿದೆ ಅಂತ ತಿಳಿಯಲು ಹೊಲದಿಂದ ಎಲೆ ತಂದು ಆರೋಗ್ಯವಾಗಿರುವ ಮರಿಹುಳುಗಳಿಗೆ ತಿನ್ನಿಸಬೇಕು. ಸತ್ತವು ಎಷ್ಟು ಅಂತ ಎಣಿಸಬೇಕು. ಅದಕ್ಕಾಗಿ ನೂರಾರು ಮರಿಗಳು ಸದಾ ಸಿದ್ಧ ಇರಬೇಕು. ಒಂದು ವರ್ಷ ಕಷ್ಟಪಟ್ಟು ಸಾಕಿದ್ದೆ. 1999ರ ಅಕ್ಟೋಬರಿನಲ್ಲಿ ಒಂದು ದಿನ ವೈರಸ್ ಕೋಣೆಯ ಕೆಲಸ ಮುಗಿಸಿದವನು ಅವಸರದಲ್ಲಿ ಏಪ್ರನ್ ಬದಲಿಸದೆ, ಅದೇ ಚಿಮಟ ಹಿಡಿದುಕೊಂಡು ಸಾಕುವ ಕೋಣೆಗೆ ಹೋದೆ. ಒಂದು ವಾರದಲ್ಲಿ ಸೀಸೆ ಸೀಸೆಯಲ್ಲೂ ಹುಳುಗಳು ಕರಿ ನೀರಾಗಿದ್ದವು. ಎಲ್ಲವನ್ನೂ ಕುದಿಸಿ ಚೆಲ್ಲಬೇಕಾಯಿತು. ಗೈಡ್ ಸರ್ ಬೈಯಲಿಲ್ಲ. "ಎಷ್ಟು ದಿನ ಬೇಕು ಮತ್ತೆ ಕಟ್ಟಲು?" ಅಂತ ಕೇಳಿ ಸುಮ್ಮನಾದರು. ಅದು ಬೈಗುಳಕ್ಕಿಂತ ಹೆಚ್ಚು ನಾಟಿತು.

ಕಾಕಾ ಮಾತ್ರ ಮುನ್ನೂರು ಪೆನ್ಸಿಲಿನ್ ಸೀಸೆ ತೊಳೆದು ಒಣಗಿಸಿದರು. ಹುಳುವಿನ ಆಹಾರ ಕಾಯಿಸಿದರು. ಕಡಲೆ ಹಿಟ್ಟು, ಈಸ್ಟ್, ಅಗರ್, ವಿಟಮಿನ್ ಎಲ್ಲ ಸೇರಿ ಕುದಿಯುವಾಗ ಕೋಣೆ ತುಂಬಾ ಝುಣಕದ ವಾಸನೆ. ಪ್ರತಿ ಸೀಸೆಗೂ ಒಂದೊಂದು ತುಂಡು ಹಾಕಿ, ಹತ್ತಿಯ ಬಿರಡೆ ಇಟ್ಟು, ಎರಡು ರಟ್ಟಿನ ಪೆಟ್ಟಿಗೆಯಲ್ಲಿ ಜೋಡಿಸಿ ನನ್ನ ಕೈಗೆ ಕೊಟ್ಟರು. "ದೀಪಾವಳಿಗೆ ಊರಿಗೆ ಹೊಂಟಿಯಲ್ಲ? ನಿಮ್ಮ ಹೊಲದಾಗ ಅದಾವ ಹುಳ. ತಗೊಂಡ್ ಬಾ."

ಹಬ್ಬದ ಮರುದಿನ ಬೆಳಗ್ಗೆ ಅವ್ವ, ಚಿಕ್ಕಮ್ಮ ಮತ್ತು ಓಣಿಯ ಇಬ್ಬರು ಹೆಣ್ಣುಮಕ್ಕಳು ನನ್ನ ಜೊತೆ ಹೊಲಕ್ಕೆ ಬಂದರು. ಇಬ್ಬರು ಸಾಲಿನ ನಡುವೆ ತಾಡಪತ್ರಿ ಎಳೆಯುತ್ತಾ ಹೋಗುವುದು, ಒಬ್ಬರು ಗಿಡ ಬಗ್ಗಿಸಿ ಅಲುಗಿಸುವುದು. ನಮ್ಮ ಕಡೆ ಹಳೆಯ ಪದ್ಧತಿ ಇದು. ಎಣ್ಣಿ ಬಂದ ಮೇಲೆ ನಮ್ಮ ಊರಿನಲ್ಲಿ ಬಿಟ್ಟುಹೋಗಿತ್ತು. ಹುಳುಗಳು ಟಪಟಪ ಉದುರಿದವು. ಗಿಡ ಅಲುಗಿದರೆ ಹುಳು ಕೈಬಿಟ್ಟು ಬೀಳುತ್ತದೆ, ಹೆಚ್ಚಿನವು ಬಿದ್ದೇ ಬೀಳುತ್ತವೆ. ಅದು ಪುಸ್ತಕದಲ್ಲಿ ಓದಿದ್ದ ವಿಷಯ, ನನ್ನ ಕಣ್ಣಿಂದ ನೋಡಿದ್ದು ಆವತ್ತೇ. ಅವ್ವ ಒಂದೊಂದನ್ನು ಗರಿಯಿಂದ ಎತ್ತಿ ಸೀಸೆಗೆ ಹಾಕಿದಳು. "ಇವನ್ನ ಸಾಕಲಾಕ ಒಯ್ತಿಯೇನೋ? ನಾವು ಕೊಲ್ಲಲಾಕ ಸಾಯ್ತೀವಿ," ಅಂದಳು. ಒಂದು ಸೀಸೆಗೆ ಒಂದೇ ಹಾಕು ಅಂತ ನಾನು ಹೇಳಬೇಕಾಗಲಿಲ್ಲ. ಎರಡು ಹುಳು ಕಚ್ಚಾಡುವುದನ್ನು ಅವಳು ತಾಡಪತ್ರಿಯ ಮೇಲೆ ಆಗಲೇ ನೋಡಿದ್ದಳು. ಉಳಿದ ಹುಳುಗಳನ್ನು ಕೋಳಿಗೆ ಸುರಿದರು.

ಆ ರಾತ್ರಿ ಬಿಜಾಪುರದ ಮೇಲೆ ಬರುವ ಬಸ್ಸಿನಲ್ಲಿ ಎರಡು ಪೆಟ್ಟಿಗೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಒಂದು ನಿಮಿಷವೂ ಕಣ್ಣು ಮುಚ್ಚಲಿಲ್ಲ. ಬೆಳಗ್ಗೆ ಕಾಕಾ ಗೇಟಿನ ಹತ್ತಿರವೇ ನಿಂತಿದ್ದರು. ಇಬ್ಬರೂ ಕೂತು ಆರಿಸಿದೆವು. ಕೆಲವು ಹುಳುಗಳ ಒಳಗೆ ಕಣಜದ ಮರಿ ಇತ್ತು, ಕೆಲವಕ್ಕೆ ರೋಗ ಇತ್ತು. ಬೇರೆ ಬೇರೆ ಸೀಸೆಯಲ್ಲಿ ಇದ್ದದ್ದರಿಂದ ಒಂದರ ರೋಗ ಇನ್ನೊಂದಕ್ಕೆ ಹಬ್ಬಲಿಲ್ಲ. ಉಳಿದವು ಕೋಶ ಕಟ್ಟಿದವು, ಪತಂಗ ಬಂದವು. ಜೇನು ನೀರಿನಲ್ಲಿ ಅದ್ದಿದ ಹತ್ತಿ ಇಟ್ಟೆವು. ಬಟ್ಟೆಯ ಮೇಲೆ ಗಸಗಸೆಯಂಥ ಮೊಟ್ಟೆ. ಮೊಟ್ಟೆಗೆ ಅಂಟಿದ ವೈರಸ್ ಹೋಗಲಿ ಅಂತ ಅದನ್ನು ತೆಳುವಾದ ಬ್ಲೀಚಿಂಗ್ ದ್ರಾವಣದಲ್ಲಿ ತೊಳೆಯುವುದನ್ನು ಕಾಕಾ ನನ್ನ ಕೈ ಹಿಡಿದು ಕಲಿಸಿದರು. ಡಿಸೆಂಬರ್ ಮಧ್ಯಕ್ಕೆ ಮತ್ತೆ ಮರಿಗಳು ಸಿದ್ಧವಾದವು. ತಾಕಿನ ತೊಗರಿಯಲ್ಲಿ ಇನ್ನೂ ಹಸಿರು ಇತ್ತು. ಪ್ರಯೋಗ ಉಳಿಯಿತು.

ಫಲಿತಾಂಶ ನಾಲ್ಕು ಮಾತಿನಲ್ಲಿ ಮುಗಿಯುತ್ತದೆ. ಬೆಳಗ್ಗೆ ಹೊಡೆದ ಸಾಲಿಗಿಂತ ಸಂಜೆ ಹೊಡೆದ ಸಾಲಿನ ಎಲೆ ಹೆಚ್ಚು ಹುಳುಗಳನ್ನು ಕೊಂದಿತು. ರಾತ್ರಿಯೆಲ್ಲ ಹುಳು ಮೇಯುತ್ತದೆ, ಬಿಸಿಲು ಇರುವುದಿಲ್ಲ. ನೀಲಿ ಬೆರೆಸಿದ ವೈರಸ್ ಬರಿಯ ವೈರಸ್‌ಗಿಂತ ಹೆಚ್ಚು ದಿನ ಬಾಳಿತು. ಲೆಕ್ಕವೆಲ್ಲ ಕ್ಯಾಲ್ಕುಲೇಟರಿನಲ್ಲೇ ಮಾಡಿದ್ದೆ, ಮೂರು ಸಲ ತಾಳೆ ನೋಡಿದ್ದೆ.

ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಕಾಕಾನ ಹೆಸರು ಕೊನೆಯ ಸಾಲಿನಲ್ಲಿ ಬಂತು. ಆಗ ಹಾಗೆ ಬರೆಯುವುದು ರೂಢಿ. ಅದು ಮೊದಲ ಸಾಲಿನಲ್ಲಿ ಇರಬೇಕಿತ್ತು. ಅದನ್ನು ಹೇಳಬೇಕು ಅಂತಲೇ ಇದನ್ನು ಬರೆಯಲು ಒಪ್ಪಿದೆ.

2000ನೇ ಇಸವಿಯ ನವೆಂಬರ್. ನಾನು ಆಗಲೇ ಕೆಲಸಕ್ಕೆ ಸೇರಿದ್ದೆ. ಸೇಡಂ ಪೇಟೆಯ ಎಸ್‌ಟಿಡಿ ಬೂತಿನಿಂದ ಅಪ್ಪನ ಫೋನು ಬಂತು. ಊರಿನಲ್ಲಿ ಎಲ್ಲರೂ ಎಣ್ಣಿ ಹೊಡೆಯಲು ಶುರು ಮಾಡಿದ್ದಾರಂತೆ. "ನಾ ನಿನ್ನೆ ಐವತ್ತು ಗಿಡ ನೋಡೀನಿ. ಹತ್ತು ಹುಳನೂ ಸಿಗಲಿಲ್ಲ. ಹೊಡೀಲೋ, ಬ್ಯಾಡೋ?" ಅಂತ ಕೇಳಿದರು.

"ಬ್ಯಾಡಪ್ಪ," ಅಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಬೂತಿನ ಮೀಟರಿನ ಸದ್ದು ಮಾತ್ರ ಕೇಳುತ್ತಿತ್ತು. "ಆಯ್ತು. ಎರಡು ದಿನ ಬಿಟ್ಟು ಮತ್ತ ಎಣಿಸ್ತೀನಿ," ಅಂತ ಹೇಳಿ ಅಪ್ಪ ಫೋನು ಇಟ್ಟರು.