ವಾರಕ್ಕೆ ಒಂದೇ ದಿನದ ಮಾತ್ರೆ

ರುಮಟಾಯ್ಡ್ ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಮಾತ್ರೆಯನ್ನು ವಾರದಲ್ಲಿ ಒಂದೇ ದಿನ ನುಂಗಬೇಕು. ಅಭ್ಯಾಸಬಲದಿಂದ ದಿನಾ ನುಂಗಿದರೆ ಬಾಯಿ ತುಂಬ ಹುಣ್ಣು, ಜ್ವರ, ರಕ್ತಕಣಗಳ ಕುಸಿತ, ಜೀವಕ್ಕೇ ಕುತ್ತು. ಚೀಟಿಯಲ್ಲಿ ‘ಸೋಮವಾರ ಮಾತ್ರ’ ಎಂದು ದಿನದ ಹೆಸರನ್ನೇ ಬರೆಸಿಕೊಳ್ಳಿ. 2.5 ಮತ್ತು 10 ಮಿ.ಗ್ರಾಂ. ಎರಡೂ ಮನೆಯಲ್ಲಿದ್ದರೆ ಅದಲುಬದಲಾಗುತ್ತದೆ, ಒಂದೇ ಬಗೆಯದು ಇರಲಿ. ಜೊತೆಗೆ ಕೊಡುವ ಫೋಲಿಕ್ ಆಸಿಡ್ ಎಂಬ ವಿಟಮಿನ್ ಮಾತ್ರೆ ಬೇರೆ ದಿನ, ಸಾಮಾನ್ಯವಾಗಿ 5 ಮಿ.ಗ್ರಾಂ.; ಓಕರಿಕೆ, ಬಾಯಿಹುಣ್ಣು ತಗ್ಗಿಸುವುದು ಅದೇ.

ನೋವಿನ ಮಾತ್ರೆ ಗಂಟೆಯೊಳಗೆ ಕೆಲಸ ಮಾಡುತ್ತದೆ, ಮೆಥೋಟ್ರೆಕ್ಸೇಟ್‌ಗೆ 6ರಿಂದ 12 ವಾರ ಬೇಕು. ಮೂರನೇ ವಾರಕ್ಕೇ ‘ಇದು ನಾಟಲಿಲ್ಲ’ ಎಂದು ಬಿಟ್ಟವರೇ ಹೆಚ್ಚು ಕಳೆದುಕೊಳ್ಳುವುದು, ಕೀಲಿನ ಮೂಳೆ ಸವೆಯುವುದನ್ನು ತಡೆಯುವ ಮದ್ದು ಇದೇ ಹೊರತು ನೋವಿನ ಮಾತ್ರೆಯಲ್ಲ. ಕ್ಯಾನ್ಸರ್ ಔಷಧಿ ಎಂಬ ಹೆದರಿಕೆಯೂ ಇದೆ. ಹೌದು, ಆದರೆ ಅಲ್ಲಿನ ಡೋಸ್ ಎಷ್ಟೋ ಪಟ್ಟು ದೊಡ್ಡದು. ಸಂಧಿವಾತಕ್ಕೆ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ.

ರಕ್ತಕಣ, ಲಿವರ್, ಕ್ರಿಯೇಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವುದು) ಪರೀಕ್ಷೆ ಮೊದಲ ತಿಂಗಳುಗಳಲ್ಲಿ ಪದೇಪದೇ, ಆಮೇಲೆ ಸುಮಾರು ಮೂರು ತಿಂಗಳಿಗೊಮ್ಮೆ. ಮೂತ್ರದ ಸೋಂಕಿಗೆ ಟ್ರೈಮೆಥೋಪ್ರಿಮ್ ಎಂಬ ಆ್ಯಂಟಿಬಯೋಟಿಕ್ ಇರುವ ಮಾತ್ರೆ ಬರೆಯುವ ಮುನ್ನ ನೀವು ಮೆಥೋಟ್ರೆಕ್ಸೇಟ್ ನುಂಗುತ್ತಿರುವುದನ್ನು ವೈದ್ಯರಿಗೆ ಹೇಳಿ: ಎರಡೂ ಫೋಲೇಟನ್ನೇ (ಫೋಲಿಕ್ ಆಸಿಡ್ ಬಗೆಯ ವಿಟಮಿನ್) ತಡೆಯುತ್ತವೆ.